ಬೆನ್ನ ಮೇಲಿನ 68

2024ರ ಫೆಬ್ರುವರಿ 18ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಐಸ್ ಹಾಕಿ ಕ್ರೀಡಾಂಗಣದಲ್ಲಿ 68 ಎಂಬ ಅಂಕಿಯಿದ್ದ ಬ್ಯಾನರ್ ಒಂದನ್ನು ಛಾವಣಿಗೆ ಏರಿಸಲಾಯಿತು. ಇನ್ನು ಮುಂದೆ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ಯಾವ ಆಟಗಾರನೂ ಆ ಸಂಖ್ಯೆಯ ಅಂಗಿ ತೊಡುವಂತಿಲ್ಲ. ತಂಡದ ಚರಿತ್ರೆಯಲ್ಲಿ ಹೀಗೆ ಗೌರವ ಪಡೆದ ಮೂರನೆಯ ಸಂಖ್ಯೆ ಅದು. ಸಾಮಾನ್ಯವಾಗಿ ಇಂಥ ಸಮಾರಂಭಕ್ಕೆ ಬರುವವರು ಆಟ ಬಿಟ್ಟು ಎಷ್ಟೋ ವರ್ಷವಾದ, ಸೂಟು ತೊಟ್ಟ, ಕೊಂಚ ಹೊಟ್ಟೆ ಬಂದ ಹಿರಿಯರು. ಯಾರೋಮೀರ್ ಯಾಗರ್ ಮಾತ್ರ ಆಗಲೂ ಆಡುತ್ತಲೇ ಇದ್ದ. ಮೂರು ದಿನದ ಹಿಂದಷ್ಟೇ ಆತನಿಗೆ 52 ತುಂಬಿತ್ತು. ಜೆಕ್ ದೇಶದ ತನ್ನ ಹುಟ್ಟೂರಿನ ತಂಡದಲ್ಲಿ ಲೀಗ್ ಆಡುತ್ತಿದ್ದವನು ನಡುವೆ ಬಿಡುವು ಮಾಡಿಕೊಂಡು ವಿಮಾನ ಹತ್ತಿ ಬಂದಿದ್ದ.

ಅಮೆರಿಕ ಮತ್ತು ಕೆನಡಾದ ತಂಡಗಳು ಸೇರಿ ಆಡುವ ನ್ಯಾಷನಲ್ ಹಾಕಿ ಲೀಗ್ ಈ ಆಟದ ಅತಿ ದೊಡ್ಡ ಕಣ. ಚುಟುಕಾಗಿ ಎನ್‌ಎಚ್‌ಎಲ್. ಯಾಗರ್ ಆ ಲೀಗಿನ ಒಂಬತ್ತು ತಂಡಗಳಿಗೆ ಆಡಿದ್ದಾನೆ. ಇದಲ್ಲದೆ ರಷ್ಯಾದ ಸೈಬೀರಿಯಾದಲ್ಲಿ ಮೂರು ವರ್ಷ, ಇಟಲಿ ಮತ್ತು ಜರ್ಮನಿಯಲ್ಲಿ ಒಂದಷ್ಟು ಪಂದ್ಯ, ತವರಿನಲ್ಲಿ ಬಿಟ್ಟು ಬಿಟ್ಟು ಹಲವು ವರ್ಷ. ಎನ್‌ಎಚ್‌ಎಲ್‌ನ ಒಂಬತ್ತೂ ತಂಡಗಳಲ್ಲಿ ಅಂಗಿಯ ಬಣ್ಣ ಬದಲಾಯಿತೇ ಹೊರತು ಬೆನ್ನ ಮೇಲಿನ ಅಂಕಿ ಬದಲಾಗಲಿಲ್ಲ. ಅದು ಆಟಕ್ಕೆ ಸಂಬಂಧಿಸಿದ ಸಂಖ್ಯೆಯೇ ಅಲ್ಲ, ಒಂದು ಇಸವಿ.

1968ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಅಲೆಗ್ಸಾಂಡರ್ ಡುಬ್ಚೆಕ್ ಕಮ್ಯುನಿಸ್ಟ್ ಆಡಳಿತವನ್ನು ಒಂದಿಷ್ಟು ಸಡಿಲಗೊಳಿಸಲು ಹೊರಟರು. ಪತ್ರಿಕೆಗಳಿಗೆ ಬಾಯಿ ಬಂತು. ‘ಪ್ರಾಗ್ ವಸಂತ’ ಎಂದು ಜಗತ್ತು ಕರೆದ ಆ ಪ್ರಯೋಗವನ್ನು ಆಗಸ್ಟ್ ತಿಂಗಳಲ್ಲಿ ಸೋವಿಯತ್ ಟ್ಯಾಂಕುಗಳು ಬಂದು ಮುಗಿಸಿದವು. ಯಾಗರ್ ಹುಟ್ಟಿದ್ದು ಅದಾಗಿ ನಾಲ್ಕು ವರ್ಷಕ್ಕೆ, 1972ರಲ್ಲಿ. ಆತನ ಅಜ್ಜ ರೈತ. ಜಮೀನನ್ನು ಸಾಮೂಹಿಕ ಬೇಸಾಯಕ್ಕೆ ಸೇರಿಸಿಕೊಂಡಾಗ ಪ್ರತಿಭಟಿಸಿ ಜೈಲು ಕಂಡವರು. ಅವರು ತೀರಿಕೊಂಡದ್ದೂ 1968ರಲ್ಲೇ. ಈ ಕಥೆಗಳನ್ನು ಮೊಮ್ಮಗನಿಗೆ ಹೇಳಿದ್ದು ಅಜ್ಜಿ. ಶಾಲೆಯಲ್ಲಿ ಕಲಿಸುತ್ತಿದ್ದ ಇತಿಹಾಸ ಬೇರೆ, ಮನೆಯಲ್ಲಿ ಕೇಳುತ್ತಿದ್ದುದೇ ಬೇರೆ. ಹುಡುಗ ಶಾಲಾ ಪುಸ್ತಕದೊಳಗೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಚಿತ್ರ ಇಟ್ಟುಕೊಂಡಿದ್ದ. ಆ ಕಾಲಕ್ಕೆ ಅದು ಸಣ್ಣ ಅಪರಾಧವೇನಲ್ಲ.

ಐಸ್ ಹಾಕಿಗೂ ರಾಜಕೀಯಕ್ಕೂ ಆ ದೇಶದಲ್ಲಿ ಇದ್ದ ನಂಟನ್ನು ತಿಳಿಯದೆ ಯಾಗರ್‌ನ ಅಲೆದಾಟದ ಅರ್ಥ ತಿಳಿಯುವುದು ಕಷ್ಟ. ಹಾಕಿ ಎಂದರೆ ಹುಲ್ಲು ಹಾಸೂ ಕೊಡಗೂ ನೆನಪಾಗುವ ನಮಗೆ ಈ ಆಟ ತುಸು ಅಪರಿಚಿತ. ಮಂಜುಗಡ್ಡೆಯ ಅಂಗಳ, ಕಾಲಿಗೆ ಸ್ಕೇಟ್ಸ್, ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರ್ ಬಿಲ್ಲೆ. ಕಣದಲ್ಲಿ ಗೋಲಿ ಸೇರಿ ಆರು ಮಂದಿ. ವೇಗ ಎಷ್ಟೆಂದರೆ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಸತತವಾಗಿ ಆಡಲಾರರು. ಮುಕ್ಕಾಲು ನಿಮಿಷ ಓಡಿ ಬೆಂಚಿಗೆ ಮರಳಿ ಏದುಸಿರು ಬಿಡಬೇಕು, ಮತ್ತೆ ಇಳಿಯಬೇಕು. ಚೆಕೊಸ್ಲೊವಾಕಿಯಾದಲ್ಲಿ ಇದು ಬರೀ ಆಟವಾಗಿರಲಿಲ್ಲ. 1969ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೆಕ್ ಹುಡುಗರು ಸೋವಿಯತ್ ತಂಡವನ್ನು ಒಂದಲ್ಲ ಎರಡು ಸಲ ಸೋಲಿಸಿದಾಗ ಇಡೀ ದೇಶ ಬೀದಿಗಿಳಿಯಿತು. ಪ್ರಾಗ್‌ನಲ್ಲಿದ್ದ ಸೋವಿಯತ್ ವಿಮಾನ ಸಂಸ್ಥೆ ಏರೋಫ್ಲೋಟ್‌ನ ಕಚೇರಿ ಪುಡಿಪುಡಿಯಾಯಿತು. ಅದನ್ನೇ ನೆಪ ಮಾಡಿಕೊಂಡು ಮರು ತಿಂಗಳು ಡುಬ್ಚೆಕ್ ಅವರನ್ನು ಕೆಳಗಿಳಿಸಲಾಯಿತು.

ಆಟಗಾರರ ಮೇಲೆ ಸರಕಾರಕ್ಕಿದ್ದ ಭಯ ಇನ್ನೂ ಹಳೆಯದು. ವಿಶ್ವ ಚಾಂಪಿಯನ್ನರಾಗಿದ್ದ ಜೆಕ್ ತಂಡ 1950ರಲ್ಲಿ ಲಂಡನ್ನಿಗೆ ಹೊರಟು ನಿಂತಿದ್ದಾಗ, ಅಲ್ಲಿಂದ ವಾಪಸು ಬರುವುದಿಲ್ಲವೆಂಬ ಶಂಕೆಯಿಂದ ಪ್ರಯಾಣವನ್ನೇ ತಡೆದು ಆಟಗಾರರನ್ನು ಬಂಧಿಸಿದರು. ದೇಶದ್ರೋಹದ ಆರೋಪ. ಆ ತಂಡದ ಹೆಸರಾಂತ ಗೋಲಿ ಬೊಹುಮಿಲ್ ಮೊದ್ರಿಗೆ ಬಿದ್ದದ್ದು 15 ವರ್ಷದ ಶಿಕ್ಷೆ. ಯುರೇನಿಯಂ ಗಣಿಯಲ್ಲಿ ದುಡಿಸಿಕೊಂಡು 1955ರಲ್ಲಿ ಬಿಟ್ಟರು. 1963ರಲ್ಲಿ ಆತ ತೀರಿಕೊಂಡ. ಹೊರಗೆ ಹೋಗುವ ಆಸೆಯನ್ನಷ್ಟೇ ಹೊತ್ತಿದ್ದಾನೆಂಬ ಗುಮಾನಿಗೆ ಇಷ್ಟು ದಂಡ.

ಆದ್ದರಿಂದ ಹೋಗಬೇಕೆಂದವರು ಕದ್ದು ಹೋಗಬೇಕಿತ್ತು. ಹೋದವರು ತಿರುಗಿ ಬರುವಂತಿರಲಿಲ್ಲ. ಯಾಗರ್‌ಗಿಂತ ಎರಡೇ ತಿಂಗಳು ಹಿರಿಯನಾದ ಪೆತ್ರ್ ನೆದ್ವೆದ್ 1989ರ ಜನವರಿಯಲ್ಲಿ ಕಿರಿಯರ ತಂಡದೊಂದಿಗೆ ಕೆನಡಾದ ಕ್ಯಾಲ್ಗರಿಗೆ ಬಂದವನು ಅಲ್ಲೇ ಉಳಿದುಬಿಟ್ಟ. ವಯಸ್ಸು 17. ಅಪ್ಪ ಅಮ್ಮ ಇನ್ನು ಎಂದು ಕಾಣುವರೋ ಎಂಬ ಖಾತರಿಯಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಾಗ್‌ನಲ್ಲಿ ಕ್ರಾಂತಿಯಾಯಿತು, ರಕ್ತ ಹರಿಯದೆ ಸರಕಾರ ಉರುಳಿತು. ಹನ್ನೊಂದು ತಿಂಗಳು ಕಾದಿದ್ದರೆ ನೆದ್ವೆದ್ ಬಸ್ಸು ಹತ್ತಿದಷ್ಟು ಸಲೀಸಾಗಿ ಬರಬಹುದಿತ್ತು.

ಯಾಗರ್ ಬಂದದ್ದು ಹಾಗೆ. ಎನ್‌ಎಚ್‌ಎಲ್ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ 1990ರ ಜೂನ್‌ನಲ್ಲಿ ವ್ಯಾಂಕೂವರಿನಲ್ಲಿ ನಡೆದಾಗ ಆತ ಸಭೆಯಲ್ಲೇ ಕೂತಿದ್ದ. ದೇಶ ಬಿಟ್ಟು ಓಡಿಬರದೆ, ಸರಿಯಾದ ಕಾಗದಪತ್ರ ಹಿಡಿದು ಡ್ರಾಫ್ಟಿಗೆ ಬಂದು ಕೂತ ಮೊದಲ ಚೆಕೊಸ್ಲೊವಾಕ್ ಆಟಗಾರ. ನೆದ್ವೆದ್ ಎರಡನೆಯವನಾಗಿ ಆಯ್ಕೆಯಾದ, ಯಾಗರ್ ಐದನೆಯವನಾಗಿ. ಒಂದೇ ದೇಶದ, ಒಂದೇ ವಯಸ್ಸಿನ ಇಬ್ಬರು. ಒಬ್ಬ ನಿರಾಶ್ರಿತ, ಒಬ್ಬ ಪ್ರಯಾಣಿಕ.

ಪ್ರಯಾಣಿಕನ ಪಾಡೂ ಮೊದಮೊದಲು ಸುಖದ್ದೇನಲ್ಲ. 18ರ ಹುಡುಗ, ಇಂಗ್ಲಿಷ್ ಬಾರದು, ಮನೆ ನೆನಪು. ಪಿಟ್ಸ್‌ಬರ್ಗ್ ತಂಡದವರು ಡಿಸೆಂಬರ್‌ನಲ್ಲಿ ಯಿರ್ಜಿ ಹ್ರ್ದಿನಾ ಎಂಬ ಹಿರಿಯ ಜೆಕ್ ಆಟಗಾರನನ್ನು ಕ್ಯಾಲ್ಗರಿ ತಂಡದಿಂದ ತರಿಸಿಕೊಂಡರು. ಆಟಕ್ಕೆ ಎಷ್ಟೋ, ಹುಡುಗನ ಜೊತೆ ಜೆಕ್ ಮಾತಾಡುವುದಕ್ಕೂ ಅಷ್ಟೇ. ಉಪಾಯ ಫಲಿಸಿತು. 1991ರಲ್ಲಿ, ಮರುವರ್ಷ ಮತ್ತೊಮ್ಮೆ, ಪಿಟ್ಸ್‌ಬರ್ಗ್ ಸ್ಟಾನ್ಲಿ ಕಪ್ ಗೆದ್ದಿತು. ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರಿಗೆ ಕೊಡುವ ಪ್ರಶಸ್ತಿಯನ್ನು ಯಾಗರ್ ಐದು ಬಾರಿ ಪಡೆದ. ಐಸ್ ಹಾಕಿಯಲ್ಲಿ ಗೋಲಿಗೂ ಒಂದು ಅಂಕ, ಗೋಲಿಗೆ ದಾರಿ ಮಾಡಿಕೊಡುವ ಪಾಸಿಗೂ ಒಂದು ಅಂಕ. 1981ರಿಂದ 2001ರವರೆಗಿನ 21 ಋತುಗಳಲ್ಲಿ ಆ ಪ್ರಶಸ್ತಿ ಮೂವರ ಮನೆ ಬಿಟ್ಟು ಹೊರಗೆ ಹೋಗಲಿಲ್ಲ: ವೇಯ್ನ್ ಗ್ರೆಟ್ಸ್‌ಕಿ, ಮಾರಿಯೋ ಲೆಮ್ಯೂ, ಯಾಗರ್.

1998ರ ನಾಗಾನೊ ಒಲಿಂಪಿಕ್ಸ್‌ಗೆ ಎನ್‌ಎಚ್‌ಎಲ್ ಮೊದಲ ಬಾರಿ ತನ್ನ ಆಟಗಾರರನ್ನು ಬಿಟ್ಟುಕೊಟ್ಟಾಗ ಚಿನ್ನ ಗೆದ್ದದ್ದು ಕೆನಡಾ ಅಲ್ಲ, ಅಮೆರಿಕವೂ ಅಲ್ಲ, ಜೆಕ್ ತಂಡ. ಫೈನಲ್ಲಿನಲ್ಲಿ ಎದುರಾಳಿ ರಷ್ಯಾ, ಫಲಿತಾಂಶ 1-0. ಪ್ರಾಗ್‌ನ ಚೌಕಗಳು ಮತ್ತೆ ತುಂಬಿದವು. ಈ ಸಲ ಯಾರೂ ಟ್ಯಾಂಕು ತರಲಿಲ್ಲ.

ಅಲೆದಾಟ ಶುರುವಾದದ್ದು 2001ರಲ್ಲಿ. ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ತಂಡದ ಬಳಿ ಇರುವುದು ಆಟಗಾರನ ಕರಾರು. ಅದನ್ನು ಇನ್ನೊಂದು ತಂಡಕ್ಕೆ ದಾಟಿಸಿ ಬದಲಿಗೆ ಬೇರೆ ಆಟಗಾರರನ್ನೋ ಮುಂದಿನ ಡ್ರಾಫ್ಟಿನ ಸರದಿಯನ್ನೋ ಪಡೆಯಬಹುದು. ಇದಕ್ಕೆ ‘ಟ್ರೇಡ್’ ಎನ್ನುತ್ತಾರೆ. ಕರಾರಿನಲ್ಲಿ ಪ್ರತ್ಯೇಕ ಷರತ್ತು ಇಲ್ಲದಿದ್ದರೆ ಆಟಗಾರನನ್ನು ಕೇಳಬೇಕಾಗಿಲ್ಲ. ಬೆಳಿಗ್ಗೆ ಒಂದು ಊರಿನವನು ಸಂಜೆಗೆ ಇನ್ನೊಂದು ಊರಿನವನು. ನಮ್ಮ ಸರಕಾರಿ ನೌಕರರಿಗೆ ವರ್ಗಾವಣೆ ಆದೇಶ ಬರುವ ಹಾಗೆ. ತಡೆಯಾಜ್ಞೆ ತರುವ ದಾರಿ ಮಾತ್ರ ಇಲ್ಲ.

ಪಿಟ್ಸ್‌ಬರ್ಗ್ ಕ್ಲಬ್ ಆಗ ದಿವಾಳಿಯಾಗಿ ಎದ್ದಿತ್ತಷ್ಟೆ. ಅದನ್ನು ಕೊಂಡು ಉಳಿಸಿದ್ದು ಲೆಮ್ಯೂ, ಅದೂ ತನಗೆ ಬರಬೇಕಿದ್ದ ಬಾಕಿ ಸಂಬಳವನ್ನು ಬಂಡವಾಳವಾಗಿ ಪರಿವರ್ತಿಸಿ. 2000ದ ಡಿಸೆಂಬರ್‌ನಲ್ಲಿ ಆತ ಮತ್ತೆ ಆಟಕ್ಕೂ ಇಳಿದ. ಹೀಗೆ ಯಾಗರ್‌ಗೆ ಪಕ್ಕದಲ್ಲಿ ಆಡುವ ಗೆಳೆಯನೇ ಧಣಿಯಾದ. ಖರ್ಚು ತೂಗಿಸಲಾಗದ ಕ್ಲಬ್ 2001ರ ಜುಲೈನಲ್ಲಿ ಯಾಗರ್‌ನನ್ನು ವಾಷಿಂಗ್ಟನ್‌ಗೆ ಕಳಿಸಿ ಬದಲಿಗೆ ಮೂವರು ಎಳೆಯರನ್ನು ಪಡೆಯಿತು. ಮೂವರಲ್ಲಿ ಯಾರೂ ದೊಡ್ಡ ಆಟಗಾರರಾಗಲಿಲ್ಲ. ವಾಷಿಂಗ್ಟನ್ ಏಳು ವರ್ಷಕ್ಕೆ 7 ಕೋಟಿ 70 ಲಕ್ಷ ಡಾಲರಿನ ಕರಾರು ಮಾಡಿಕೊಂಡಿತು, ಲೀಗಿನಲ್ಲಿ ಅದುವರೆಗಿನ ದಾಖಲೆ. ಆದರೆ ಆಟ ಕಳೆಗುಂದಿತು. ಎರಡೂವರೆ ಋತುವಿನಲ್ಲೇ ಸಾಕಾಗಿ, ಸಂಬಳದ ಒಂದು ಪಾಲನ್ನು ತಾನೇ ಕೊಡುತ್ತೇನೆಂದು ಒಪ್ಪಿ, ಆತನನ್ನು ನ್ಯೂಯಾರ್ಕ್ ರೇಂಜರ್ಸ್‌ಗೆ ದಾಟಿಸಿತು. ಅಲ್ಲಿ 2005-06ರಲ್ಲಿ ಯಾಗರ್ 54 ಗೋಲು ಹೊಡೆದು ರೇಂಜರ್ಸ್ ಕ್ಲಬ್ಬಿನ ದಾಖಲೆ ಮುರಿದ.

2008ರಲ್ಲಿ ಆತ ಮಾಡಿದ ಆಯ್ಕೆಯೇ ಹೆಚ್ಚು ಕುತೂಹಲದ್ದು. ಬೆನ್ನ ಮೇಲೆ 68 ಬರೆದುಕೊಂಡವನು ರಷ್ಯಾಕ್ಕೆ ಹೋದ, ಅದೂ ಸೈಬೀರಿಯಾದ ಓಮ್ಸ್ಕ್‌ಗೆ, ಒಂದು ಕಾಲಕ್ಕೆ ದಾಸ್ತೊಯೆವ್‌ಸ್ಕಿ ಸೆರೆವಾಸ ಅನುಭವಿಸಿದ ಊರಿಗೆ. ಅಲ್ಲಿನ ಅಂಗಿಯಲ್ಲೂ ಅದೇ ಅಂಕಿ. ಟ್ಯಾಂಕು ಕಳಿಸಿದವರು ಬೇರೆ, ಹಾಕಿ ನೋಡಲು ಟಿಕೆಟ್ ಕೊಳ್ಳುವ ಜನ ಬೇರೆ ಎಂಬ ವ್ಯತ್ಯಾಸ ಆತನಿಗೆ ಗೊತ್ತಿತ್ತು. ಆ ಅಕ್ಟೋಬರ್ 13ರಂದು ಮಾಸ್ಕೊ ಬಳಿಯ ಚೆಖೊವ್ ಪಟ್ಟಣದಲ್ಲಿ ಪಂದ್ಯ. ಕೊನೆಯ ನಿಮಿಷಗಳಲ್ಲಿ ಬೆಂಚಿಗೆ ಮರಳಿ ಯಾಗರ್‌ನ ಜೊತೆ ಮಾತಾಡುತ್ತಿದ್ದ 19 ವರ್ಷದ ಅಲೆಕ್ಸಿ ಚೆರೆಪನೊವ್ ಅಲ್ಲೇ ಕುಸಿದ. ಕ್ರೀಡಾಂಗಣದ ಆಂಬುಲೆನ್ಸ್ ಆಗಲೇ ಹೊರಟುಹೋಗಿತ್ತು. ಹುಡುಗ ಉಳಿಯಲಿಲ್ಲ. ರೇಂಜರ್ಸ್ ತಂಡ ಹಿಂದಿನ ವರ್ಷವಷ್ಟೇ ಡ್ರಾಫ್ಟಿನಲ್ಲಿ ಆರಿಸಿಕೊಂಡಿದ್ದ ಪ್ರತಿಭೆ ಆತ.

39ನೆಯ ವಯಸ್ಸಿಗೆ, 2011ರಲ್ಲಿ, ಯಾಗರ್ ಮತ್ತೆ ಅಮೆರಿಕಕ್ಕೆ ಬಂದ. ಪಿಟ್ಸ್‌ಬರ್ಗ್ ಅಭಿಮಾನಿಗಳು ಕಾದು ಕೂತಿದ್ದರೆ ಈತ ಸಹಿ ಹಾಕಿದ್ದು ಅವರ ಹಗೆಯ ಫಿಲಡೆಲ್ಫಿಯಾ ತಂಡಕ್ಕೆ. ಊರಿಗೆ ಆಡಲು ಬಂದಾಗ ಛೀಮಾರಿ ಹಾಕಿದರು. ಆಮೇಲಿನದು ವರ್ಷಕ್ಕೊಂದು ಕರಾರು, ವರ್ಷಕ್ಕೊಂದು ಊರು: ಡಲ್ಲಾಸ್, ಬಾಸ್ಟನ್, ನ್ಯೂಜೆರ್ಸಿ, ಫ್ಲಾರಿಡಾ, ಕ್ಯಾಲ್ಗರಿ. ಬಾಸ್ಟನ್‌ನಲ್ಲಿ ಸ್ಟಾನ್ಲಿ ಕಪ್ ಫೈನಲ್‌ವರೆಗೆ ಹೋಗಿ ಸೋತದ್ದೂ ಉಂಟು. ವೇಗ ತಗ್ಗಿತ್ತು, ಆದರೆ ಪಕ್ ಅಡ್ಡವಿಟ್ಟು ಬೆನ್ನು ತಿರುಗಿಸಿ ನಿಂತರೆ ಅದನ್ನು ಕಸಿಯುವವರಿರಲಿಲ್ಲ. ಬಾಲ್ಯದಲ್ಲಿ ದಿನಕ್ಕೆ ಸಾವಿರ ಬಸ್ಕಿ ಹೊಡೆದ ಕಾಲು. ಪಂದ್ಯ ಮುಗಿದ ಮೇಲೂ ರಾತ್ರಿ ಒಬ್ಬನೇ ಅಂಗಳಕ್ಕಿಳಿದು ಭಾರ ಕಟ್ಟಿಕೊಂಡು ಸ್ಕೇಟ್ ಮಾಡುವ ರೂಢಿಯನ್ನು ಸಹ ಆಟಗಾರರು ಬೆರಗಿನಿಂದ ವರ್ಣಿಸುತ್ತಾರೆ.

ಈ ಅಲೆದಾಟವೇ ಒಂದು ತಮಾಷೆಗೂ ಕಾರಣವಾಯಿತು. ಕ್ಯಾಲ್ಗರಿ ಕಡೆಯ ಕೆಲವು ಹುಡುಗರು ‘ಟ್ರಾವೆಲಿಂಗ್ ಯಾಗರ್ಸ್’ ಎಂಬ ಗುಂಪು ಕಟ್ಟಿ, ಹಿಂದೆ ಇಳಿಬಿದ್ದ ಉದ್ದ ಕೂದಲಿನ ವಿಗ್ ಧರಿಸಿ, ಒಬ್ಬೊಬ್ಬರು ಒಂದೊಂದು ತಂಡದ 68ರ ಅಂಗಿ ತೊಟ್ಟು ಪಂದ್ಯಗಳಿಗೆ ಬರತೊಡಗಿದರು. ಆತ ತಂಡ ಬದಲಿಸಿದಾಗಲೆಲ್ಲ ಗುಂಪಿಗೆ ಒಬ್ಬ ಹೆಚ್ಚು. ಕೊನೆಗೆ 2017ರಲ್ಲಿ ಯಾಗರ್ ಅವರದೇ ಊರಿನ ತಂಡಕ್ಕೆ ಬಂದ! ಆದರೆ ದೇಹ ಸಹಕರಿಸಲಿಲ್ಲ. 22 ಪಂದ್ಯ, ಒಂದೇ ಗೋಲು. 2018ರ ಜನವರಿಯಲ್ಲಿ ಎನ್‌ಎಚ್‌ಎಲ್ ಅಧ್ಯಾಯ ಮುಗಿಯಿತು. ಒಟ್ಟು 1,733 ಪಂದ್ಯ, 766 ಗೋಲು, 1,921 ಅಂಕ. ಅಂಕಗಳಲ್ಲಿ ಗ್ರೆಟ್ಸ್‌ಕಿ ಬಿಟ್ಟರೆ ಈತನೇ. ಓಮ್ಸ್ಕ್‌ನ ಮೂರು ವರ್ಷ ಮತ್ತು ಮಾಲೀಕರ ಬೀಗಮುದ್ರೆಯಿಂದಾಗಿ 2004-05ರಲ್ಲಿ ಪೂರ್ತಿ ರದ್ದಾದ ಋತು ಕೈತಪ್ಪದಿದ್ದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೋ.

ತಿರುಗಿ ಹೋದದ್ದು ಕ್ಲಾಡ್ನೊಗೆ. ಪ್ರಾಗ್‌ನ ಪಶ್ಚಿಮಕ್ಕೆ ಇಪ್ಪತ್ತೈದು ಕಿಲೋಮೀಟರ್ ದೂರದ, ಕಲ್ಲಿದ್ದಲು ಮತ್ತು ಉಕ್ಕಿನ ಊರು. ನಮ್ಮ ಭದ್ರಾವತಿಯಂತೆ ಊರಿನ ಬದುಕೆಲ್ಲ ಕಾರ್ಖಾನೆಯ ಸುತ್ತ. ‘ಪೋಲ್ಡಿ’ ಉಕ್ಕಿನ ಕಾರ್ಖಾನೆಯ ಆಸರೆಯಲ್ಲಿ ಬೆಳೆದ ಹಾಕಿ ತಂಡ 1975ರಿಂದ 78ರವರೆಗೆ ಸತತ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್. 1990ರ ದಶಕದಲ್ಲಿ ಕಾರ್ಖಾನೆ ಖಾಸಗಿಯವರ ಪಾಲಾಗಿ ಕುಸಿಯಿತು, ತಂಡವೂ ಬಡವಾಯಿತು. 2011ರಲ್ಲಿ ಅದರ ಹೆಚ್ಚಿನ ಪಾಲು ಯಾಗರ್‌ನ ಕೈಗೆ ಬಂತು. ಪಿಟ್ಸ್‌ಬರ್ಗ್‌ನಲ್ಲಿ ಲೆಮ್ಯೂ ಇದ್ದ ಜಾಗದಲ್ಲಿ, ಆಟಗಾರನೂ ಧಣಿಯೂ ಆಗಿ, ಆಗ ಈತ ಬಂದು ನಿಂತ.

ಆ ಪಾತ್ರ ಸುಲಭದ್ದಾಗಿರಲಿಲ್ಲ. ತಂಡ 2014ರಲ್ಲಿ ಮೇಲಿನ ಲೀಗಿನಿಂದ ಕೆಳಗಿಳಿಯಿತು, 2019ರಲ್ಲಿ ಹತ್ತಿತು, 2020ರಲ್ಲಿ ಮತ್ತೆ ಇಳಿಯಿತು, 2021ರಲ್ಲಿ ಮತ್ತೆ ಹತ್ತಿತು. ತಾನು ಆಡುವುದನ್ನು ನಿಲ್ಲಿಸಿದರೆ ಪ್ರಾಯೋಜಕರು ಉಳಿಯುವರೇ ಎಂಬ ಆತಂಕವನ್ನು ಯಾಗರ್ ಬಹಿರಂಗವಾಗಿಯೇ ಹೇಳಿಕೊಂಡಿದ್ದಾನೆ. ಐವತ್ತು ದಾಟಿದವನ ಹಟ ಎಂದು ಕೆಲವರು ನಕ್ಕದ್ದುಂಟು. ಆದರೆ ಬರೀ ಹಟವಾಗಿದ್ದರೆ ಅದಕ್ಕೆ ಆತ ಕ್ಲಾಡ್ನೊವನ್ನೇ ಆರಿಸಿಕೊಳ್ಳಬೇಕಾಗಿರಲಿಲ್ಲ.

ನೆದ್ವೆದ್ ಕಥೆ ಹೇಳದೆ ಬಿಟ್ಟರೆ ಅರ್ಧವಾದೀತು. ಆತ 1994ರ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರ ಆಡಿ ಬೆಳ್ಳಿ ಪಡೆದ. ಮುಂದೆ ಪಿಟ್ಸ್‌ಬರ್ಗ್‌ನಲ್ಲಿ ಯಾಗರ್‌ನ ಜೊತೆಗಾರನಾದ. 2014ರಲ್ಲಿ, ರಷ್ಯಾದ ಸೋಚಿಯಲ್ಲಿ ನಡೆದ ಒಲಿಂಪಿಕ್ಸ್‌ಗೆ ಜೆಕ್ ತಂಡ ಹೋದಾಗ, 42 ತುಂಬಿದ ನೆದ್ವೆದ್ ಮತ್ತು ಅಲ್ಲೇ 42 ತುಂಬಿಸಿಕೊಂಡ ಯಾಗರ್ ಇಬ್ಬರೂ ಒಂದೇ ಅಂಗಿಯಲ್ಲಿ ಕಣಕ್ಕಿಳಿದರು. 17ರಲ್ಲಿ ದೇಶ ಬಿಟ್ಟವನು ಆ ದೇಶಕ್ಕೆ ಆಡಿದ ಮೊದಲ ಒಲಿಂಪಿಕ್ಸ್ ಅದು.