ಸಾಲಿನಲ್ಲಿ ನಿಲ್ಲುವ ವಿದ್ಯೆ

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ, ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಮಕ್ಕಳು ತಟ್ಟೆ ಹಿಡಿದು ಬಿಸಿಯೂಟಕ್ಕೆ ಸಾಲುಗಟ್ಟುವ ನೋಟವು ನಮಗೆ ತೀರ ಪರಿಚಿತವಾದುದು. ಆದರೆ ಆ ಸಾಲಿನಲ್ಲಿ ತನ್ನ ಸರದಿ ಯಾವಾಗ ಬರುವುದು, ಮುಂದಿನವನಿಂದ ಎಷ್ಟು ದೂರ ನಿಲ್ಲಬೇಕು, ಹಿಂದಿನವನು ನೂಕಿದರೆ ಅದು ಸಲಿಗೆಯೋ ಜಗಳವೋ ಎಂಬುದನ್ನೆಲ್ಲ ಮಕ್ಕಳು ಯಾರೂ ಹೇಳಿಕೊಡದೆಯೇ ಅರಿತುಕೊಳ್ಳುತ್ತಾರೆಂಬುದು ಮಾತ್ರ ನಮ್ಮ ಗಮನಕ್ಕೆ ಬಂದಿರುವುದಿಲ್ಲ. ಸ್ವಲೀನತೆ, ಅಂದರೆ ಆಟಿಸಂ ಇರುವ ಮಗುವಿಗೆ ಕಠಿನವಾಗುವುದು ಹೀಗೆ ತಾನಾಗಿ ತಿಳಿಯತಕ್ಕ ಈ ವಿದ್ಯೆಯೇ.

1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು 11 ಮಕ್ಕಳನ್ನು ಪರಿಶೀಲಿಸಿ ಈ ಸ್ಥಿತಿಯನ್ನು ವರ್ಣಿಸಿದನು. ಇದು ಮಿದುಳಿನ ಬೆಳವಣಿಗೆಯ ಒಂದು ಭಿನ್ನ ಕ್ರಮವೇ ಹೊರತು ತಾಯಿಯ ಅನಾದರದ ಫಲವೂ ಅಲ್ಲ, ಕೆಟ್ಟ ದೃಷ್ಟಿ ತಾಗಿದುದೂ ಅಲ್ಲ. ವೀರಭದ್ರೇಶ್ವರನ ಜಾತ್ರೆಯಲ್ಲಿ ಊರಿಗೆಲ್ಲ ಉತ್ಸಾಹ ತರುವ ವಾದ್ಯಘೋಷವು ಇಂಥ ಮಗುವಿಗೆ ಸಹಿಸಲಾರದ ನೋವಾಗಬಹುದು. ಕಿವಿ ಮುಚ್ಚಿ ಓಡುವವನನ್ನು ಮೊಂಡನೆನ್ನುವುದು ಅನ್ಯಾಯ.

ಆದ್ದರಿಂದ ಉಪಾಧ್ಯಾಯರು ಸಾಲಿನ ವ್ಯವಹಾರವನ್ನು ನಾಲ್ಕು ಚಿತ್ರಗಳಲ್ಲಿ ಬಿಡಿಸಿ ಗೋಡೆಗೆ ಅಂಟಿಸಲಿ. ನೆಲದ ಮೇಲೆ ಸೀಮೆಸುಣ್ಣದಿಂದ ಹೆಜ್ಜೆಗಳನ್ನು ಬರೆಯಲಿ. ನಾಳೆ ವೇಳಾಪಟ್ಟಿ ಬದಲಾಗುವುದಿದ್ದರೆ ಇಂದೇ ತಿಳಿಸಲಿ. ಗದ್ದಲ ಮಿತಿಮೀರಿದಾಗ ಕುಳಿತುಕೊಳ್ಳಲು ಒಂದು ಶಾಂತ ಮೂಲೆಯನ್ನು ಕಾದಿರಿಸಲಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೆಂದು ಬಲವಂತಪಡಿಸಬೇಕಾಗಿಲ್ಲ, ಏಕೆಂದರೆ ಅನೇಕರು ನೋಟವನ್ನು ತಪ್ಪಿಸಿದಾಗಲೇ ಚೆನ್ನಾಗಿ ಕೇಳಬಲ್ಲರು. ಬಸ್ ನಿಲ್ದಾಣದ ಫಲಕಗಳನ್ನೆಲ್ಲ ಬಾಯಿಪಾಠ ಮಾಡಿದ ಹುಡುಗನಿದ್ದರೆ, ಬಸ್ಸಿನಾಟದಲ್ಲಿ ಅವನನ್ನೇ ಕಂಡಕ್ಟರನನ್ನಾಗಿ ಮಾಡಿದಲ್ಲಿ ಗೆಳೆತನಕ್ಕೆ ಅದೇ ದಾರಿ.

ಸಾಲಿನಂತೆಯೇ ವಂದನೆಯ ಮಾತೂ ಬಿಡಿಸಿ ಹೇಳಬೇಕಾದುದು. ಈ ಸೀಮೆಯ ಮಗುವು ಒಂದು ಮನೆಯಲ್ಲಿ ಶರಣಾರ್ಥಿಯನ್ನೂ, ಇನ್ನೊಂದರಲ್ಲಿ ಸಲಾಮನ್ನೂ, ಮತ್ತೊಂದರಲ್ಲಿ ರಾಮ್ ರಾಮನ್ನೂ ಕೇಳುವುದುಂಟು. ಯಾರಿಗೆ ಯಾವುದೆಂದು ಬಿಡಿಸಿ ಕಲಿಸಬೇಕೇ ಹೊರತು, ಗೊಂದಲವಾದೀತೆಂದು ಮರಾಠಿಯನ್ನೋ ಉರ್ದುವನ್ನೋ, ಮನೆಮಾತು ಯಾವುದಿದ್ದರೂ ಅದನ್ನು, ಬಿಡಿಸತಕ್ಕದ್ದಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ಆದುದರಿಂದ ಸಮನ್ವಯ ಶಿಕ್ಷಣವು ಮಗುವಿನ ಹಕ್ಕೇ ಆಗಿದೆ, ಯಾರೊಬ್ಬರ ಕೃಪೆಯಲ್ಲ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಈ ಕಾರ್ಯಕ್ಕೆಂದೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಪೋಷಕರು ವಿಚಾರಿಸಬಹುದು.

ಆದರೂ ಅರ್ಧ ಪಾಠ ಉಳಿದ ಮಕ್ಕಳದು. ಸ್ವಲೀನನಿಗೆ ನಾವು ಅರ್ಥವಾಗದಿರುವಂತೆಯೇ ನಮಗೂ ಅವನು ಅರ್ಥವಾಗುವುದಿಲ್ಲವೆಂದು, ಸ್ವತಃ ಸ್ವಲೀನನಾದ ಡೇಮಿಯನ್ ಮಿಲ್ಟನ್ ಎಂಬ ವಿದ್ವಾಂಸನು 2012ರಲ್ಲಿ ಬರೆದನು. ಒಬ್ಬನಿಗಾಗಿ ಬರೆದ ಸೀಮೆಸುಣ್ಣದ ಹೆಜ್ಜೆಗಳ ಮೇಲೆ ಎಲ್ಲರೂ ನಿಂತರೆ, ನೂಕುವವನಿಗೂ ತನ್ನ ಜಾಗ ಯಾವುದೆಂದು ತಿಳಿಯುತ್ತದೆ.