ಡಬ್ಬಿಯ ತೂಕ ಕಳೆದರೆ ಉಳಿಯುವುದೆಷ್ಟು?

ಎಣ್ಣೆ ಅಂಗಡಿಗೆ ಡಬ್ಬಿ ಹಿಡಿದು ಹೋಗುತ್ತೀರಿ. ಅಂಗಡಿಯವನು ಮೊದಲು ಖಾಲಿ ಡಬ್ಬಿಯನ್ನು ತಕ್ಕಡಿಯಲ್ಲಿಟ್ಟು ತೂಕ ನೋಡಿಕೊಳ್ಳುತ್ತಾನೆ. ಆಮೇಲೆ ಎಣ್ಣೆ ಸುರಿದು, ಒಟ್ಟು ತೂಕದಲ್ಲಿ ಡಬ್ಬಿಯದನ್ನು ಕಳೆಯುತ್ತಾನೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಡಬ್ಬಿಯ ತಳದಲ್ಲಿ ಕಳೆದ ವಾರದ ಎಣ್ಣೆ ಒಂದಿಷ್ಟು ಉಳಿದಿದ್ದರೆ? ಅದೂ ಡಬ್ಬಿಯ ಲೆಕ್ಕಕ್ಕೇ ಸೇರಿಹೋಗುತ್ತದೆ.

ರಸಾಯನ ವಿಜ್ಞಾನದ ಪ್ರಯೋಗಾಲಯಗಳಲ್ಲೂ ದಿನವೂ ಇಂಥದೇ ಕಳೆಯುವ ಲೆಕ್ಕ ನಡೆಯುತ್ತದೆ. ಕಳೆಯುವುದು ಕಂಪ್ಯೂಟರು, ಕಳೆಯಬೇಕಾದದ್ದು ದ್ರಾವಕ ಹೀರಿಕೊಂಡ ಬೆಳಕಿನ ಪಾಲು. ಕೆಲವು ವರ್ಷಗಳ ಹಿಂದೆ ನನಗೆ ಪರಿಚಯದ ಎಂ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಈ ಲೆಕ್ಕದಲ್ಲಿ ಸಿಕ್ಕಿಕೊಂಡು, ಪ್ರಾಜೆಕ್ಟ್ ಒಪ್ಪಿಸಲು ಒಂದೇ ವಾರವಿರುವಾಗ ನಿದ್ದೆಗೆಟ್ಟಳು. ಅವಳ ವಿಷಯ ನಮ್ಮ ನಿಮ್ಮೆಲ್ಲರ ಮನೆಯದೇ: ಕಾಫಿ ಡಿಕಾಕ್ಷನ್ನಿನಲ್ಲಿ ಕೆಫೀನ್ ಎಷ್ಟಿದೆ?

ಡಿಕಾಕ್ಷನ್ನಿನಲ್ಲಿ ಕೆಫೀನ್ ಒಂದೇ ಇರುವುದಿಲ್ಲ. ಕ್ಲೋರೋಜೆನಿಕ್ ಆಮ್ಲ, ಟ್ರೈಗೊನೆಲಿನ್ ಮುಂತಾಗಿ ನೂರಾರು ವಸ್ತುಗಳ ಸಂತೆ ಅದು. ಸಂತೆಯಲ್ಲಿ ಒಬ್ಬರನ್ನು ಹುಡುಕಲು ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಕು. ಆ ಕಲೆಗೆ ಕ್ರೊಮಟೊಗ್ರಫಿ, ಅಂದರೆ 'ವರ್ಣಲೇಖನ' ಎಂದು ಹೆಸರಿಟ್ಟವನು ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್. ಗಾಜಿನ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿ, ಎಲೆಯ ರಸವನ್ನು ಇಳಿಯಬಿಟ್ಟಾಗ ಹಸಿರು ಹಳದಿಗಳು ಬೇರೆಬೇರೆ ಪಟ್ಟಿಗಳಾದುದನ್ನು 1906ರ ಲೇಖನಗಳಲ್ಲಿ ವರ್ಣಿಸಿದ. (ಟ್ಸ್ವೆಟ್ ಎಂದರೆ ರಷ್ಯನ್ ಭಾಷೆಯಲ್ಲಿ 'ಬಣ್ಣ' ಎಂದೇ ಅರ್ಥ!) ಈಗ ಗಾಜಿನ ಕೊಳವೆಯ ಜಾಗದಲ್ಲಿ ಉಕ್ಕಿನ ಕಾಲಂ ಇದೆ, ದ್ರಾವಕವನ್ನು ಒತ್ತಡದಿಂದ ನೂಕುವ ಪಂಪ್ ಇದೆ. ಒಂದೊಂದು ವಸ್ತುವೂ ತನ್ನ ಹೊತ್ತಿಗೆ ಹೊರಬರುತ್ತದೆ. ಬಂದಾಗಲೆಲ್ಲ ಪರದೆಯ ಮೇಲೆ ಒಂದು ಶಿಖರ ಏಳುತ್ತದೆ.

ಆದರೆ ಕೆಫೀನಿಗೆ ಬಣ್ಣವಿಲ್ಲವಲ್ಲ, ಯಂತ್ರ ಅದನ್ನು ಕಾಣುವುದು ಹೇಗೆ? ನಮ್ಮ ಕಣ್ಣಿಗೆ ಬಣ್ಣವಿಲ್ಲ ಅಷ್ಟೆ. ಅತಿನೇರಳೆ ಬೆಳಕಿನಲ್ಲಿ ಅದಕ್ಕೂ 'ಬಣ್ಣ' ಉಂಟು. 273 ನ್ಯಾನೊಮೀಟರ್ ಆಸುಪಾಸಿನ ಅಲೆಯುದ್ದದ ಬೆಳಕನ್ನು ಅದು ಚೆನ್ನಾಗಿ ಹೀರುತ್ತದೆ. 300 ದಾಟಿದ ಮೇಲೆ ಹೆಚ್ಚುಕಡಿಮೆ ಏನನ್ನೂ ಹೀರುವುದಿಲ್ಲ. ಕ್ಲೋರೋಜೆನಿಕ್ ಆಮ್ಲದ ದೊಡ್ಡ ಉಬ್ಬು 325ರ ಸುತ್ತ. ಯಾವ ಅಲೆಯುದ್ದದಲ್ಲಿ ಎಷ್ಟು ಹೀರಿಕೆ ಎಂಬ ಈ ನಕ್ಷೆಯೇ ರೋಹಿತ. ಡಯೋಡ್ ಅರೇ ಡಿಟೆಕ್ಟರ್ ಎಂಬ ಸಾಧನ ನೂರಾರು ಪುಟ್ಟ ಬೆಳಕುಗ್ರಾಹಿಗಳನ್ನು ಸಾಲಾಗಿ ಇಟ್ಟುಕೊಂಡು, ಶಿಖರ ಏರಿ ಇಳಿಯುವಷ್ಟರಲ್ಲಿ ಇಂಥ ಹತ್ತಾರು ರೋಹಿತಗಳನ್ನು ದಾಖಲಿಸಿಬಿಡುತ್ತದೆ.

ಡಬ್ಬಿಯ ತೂಕದ ಮಾತು ಬರುವುದು ಇಲ್ಲಿ. ಕೆಫೀನ್ ಹೊರಬರುವಾಗ ಒಂಟಿಯಾಗಿ ಬರುವುದಿಲ್ಲ, ದ್ರಾವಕದಲ್ಲಿ ತೇಲಿ ಬರುತ್ತದೆ. ದ್ರಾವಕವೂ ಸ್ವಲ್ಪ ಬೆಳಕು ಹೀರುತ್ತದೆ. ಮೆಥನಾಲ್ ಆದರೆ 205 ನ್ಯಾನೊಮೀಟರಿನ ಕೆಳಗೆ ತೀರಾ ಹೊಟ್ಟೆಬಾಕ. ಒಂದು ಅನುಕೂಲವೆಂದರೆ ಹೀರಿಕೆಯ ಅಂಕಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ದ್ರಾವಕದ್ದು 0.05, ಕೆಫೀನಿನದು 0.40 ಇದ್ದರೆ ಒಟ್ಟು 0.45. ಆದ್ದರಿಂದ ಶಿಖರ ಏಳುವ ಮೊದಲಿನ ಸಮತಟ್ಟಾದ ಜಾಗದ ರೋಹಿತವನ್ನು ಶಿಖರದ ರೋಹಿತದಿಂದ ಕಳೆದರೆ ಕೆಫೀನಿನದು ಮಾತ್ರ ಉಳಿಯಬೇಕು. ದ್ರಾವಕದ ಮಿಶ್ರಣ ನಡುನಡುವೆ ಬದಲಾಗುವಂತಿದ್ದರೆ ಶಿಖರದ ಹಿಂದಿನದೊಂದು, ಮುಂದಿನದೊಂದು ರೋಹಿತ ತೆಗೆದುಕೊಂಡು ನಡುವಿನ ಬೆಲೆಯನ್ನು ಅಂದಾಜಿಸಿ ಕಳೆಯುತ್ತಾರೆ. ಸಾಫ್ಟ್‌ವೇರಿನಲ್ಲಿ ಇದಕ್ಕೆಲ್ಲ ಒಂದು ಗುಂಡಿ ಒತ್ತಿದರೆ ಸಾಕು.

ನಮ್ಮ ಹುಡುಗಿ ಕಳೆಯುವ ಮೊದಲು ನೋಡಿದಾಗ ಅವಳ ಕೆಫೀನ್ ಶಿಖರದ ರೋಹಿತದಲ್ಲಿ 325ರ ಬಳಿ ಸಣ್ಣ ಉಬ್ಬು ಕಾಣಿಸಿತು. ಇರಬಾರದ ಜಾಗದಲ್ಲಿ! ಗುಂಡಿ ಒತ್ತಿದಳು. ಉಬ್ಬು ಮಾಯ. ಶುದ್ಧ ಕೆಫೀನಿನ ರೋಹಿತದ ಜೊತೆ ಹೋಲಿಸಿದರೆ ಹೊಂದಾಣಿಕೆಯೂ ಚೆನ್ನಾಗಿಯೇ ಬಂತು. ಅವಳಿಗೆ ಜೀವ ಬಂದಂತಾಯಿತು.

ಮೇಷ್ಟ್ರು ಕನ್ನಡಕ ಏರಿಸಿ ಚಿತ್ರವನ್ನು ನೋಡಿದರು. "ಉಬ್ಬಿದ್ದ ಕಡೆ ಈಗ ಗೆರೆ ಸೊನ್ನೆಗಿಂತ ಕೆಳಗೆ ಇಳಿದಿದೆಯಲ್ಲಮ್ಮ, ಯಾಕೆ?"

"ಸಣ್ಣ ತಗ್ಗು ಸಾರ್, ಯಂತ್ರದ ಗದ್ದಲ ಇರಬಹುದು."

"ವಸ್ತು ಬೆಳಕನ್ನು ಹೀರಬಹುದು, ಹೀರದೆಯೂ ಇರಬಹುದು. ಸೊನ್ನೆಗಿಂತ ಕಡಿಮೆ ಹೀರಲು ಹೇಗಾಗುತ್ತೆ? ಕಳೆದದ್ದನ್ನು ಎಲ್ಲಿಂದ ತಂದೆ, ಎಷ್ಟನೇ ನಿಮಿಷದ್ದು?"

ಅವಳಿಗೆ ಗೊತ್ತಿರಲಿಲ್ಲ. ಜಾಗ ಆರಿಸಿದ್ದು ಸಾಫ್ಟ್‌ವೇರು. ಮನೆಯಲ್ಲಿ ಅಪ್ಪನ ಸಮಾಧಾನ: "ಕಂಪ್ಯೂಟರೇ ಸರಿ ಅಂದಮೇಲೆ ಮೇಷ್ಟ್ರದ್ದು ಏನಮ್ಮ ತಕರಾರು?" ಅಪ್ಪಂದಿರು ಹೀಗೆ ಹೇಳುವುದು ಸಹಜ. ಆದರೆ ಅವಳು ಮಾರನೆಯ ದಿನ ಮೂಲ ದತ್ತಾಂಶವನ್ನು ಮತ್ತೆ ತೆರೆದಳು. ಸದ್ಯ, ಕಳೆದದ್ದು ಚಿತ್ರದಲ್ಲಿ ಮಾತ್ರ. ಡಿಟೆಕ್ಟರ್ ದಾಖಲಿಸಿದ ಮೂಲ ಅಂಕಗಳು ಹಾಗೇ ಇದ್ದವು.

ಗುಟ್ಟು ಆಗ ಬಯಲಾಯಿತು. ಕೆಫೀನಿಗಿಂತ ತುಸು ಮೊದಲು ಕ್ಲೋರೋಜೆನಿಕ್ ಆಮ್ಲದ ಶಿಖರವಿತ್ತು. ಎರಡರ ನಡುವಿನ ಕಣಿವೆ ನೆಲ ಮುಟ್ಟಿರಲಿಲ್ಲ. ಸಾಫ್ಟ್‌ವೇರು ಆ ಕಣಿವೆಯನ್ನೇ 'ಖಾಲಿ ಡಬ್ಬಿ' ಎಂದು ಹಿಡಿದಿತ್ತು. ಅಲ್ಲಿದ್ದ ಆಮ್ಲದ ಬಾಲ ಕೆಫೀನಿನ ತುದಿಗೆ ಬರುವಷ್ಟರಲ್ಲಿ ಇನ್ನಷ್ಟು ಸಣ್ಣಗಾಗಿತ್ತು. ಇದ್ದದ್ದಕ್ಕಿಂತ ಹೆಚ್ಚು ಕಳೆದುದರಿಂದ ಉಬ್ಬು ಹೋಗಿ ತಗ್ಗು ಬಂದಿತ್ತು. ಅಂದರೆ ಅವಳ ಕೆಫೀನ್ ಶಿಖರದ ಅಡಿಯಲ್ಲಿ ಆಮ್ಲ ನಿಜವಾಗಿಯೂ ಬೆರೆತಿತ್ತು, ಚಿತ್ರದಿಂದ ಮಾತ್ರ ಅಳಿಸಿಹೋಗಿತ್ತು. ಪ್ರಮಾಣವನ್ನು ಲೆಕ್ಕ ಹಾಕುವುದು ಶಿಖರದ ವಿಸ್ತೀರ್ಣದಿಂದ. ರೋಹಿತ ಕಳೆದ ಮಾತ್ರಕ್ಕೆ ಆ ವಿಸ್ತೀರ್ಣ ಬದಲಾಗದು. ಆಮ್ಲದ ಪಾಲೂ ಕೆಫೀನಿನ ಖಾತೆಗೇ ಜಮಾ ಆಗಿತ್ತು. ಇದು ಕಾಫಿಯ ಪ್ರಾಜೆಕ್ಟ್, ಅಂಕ ಹೋದೀತು ಅಷ್ಟೆ. ಔಷಧದ ಮಾತ್ರೆಯಲ್ಲಿ ಕಲ್ಮಶ ಹುಡುಕುವವರೂ ಇದೇ ಗುಂಡಿಯನ್ನೇ ಒತ್ತುತ್ತಾರೆ.

ಪರಿಹಾರ ಕಂಪ್ಯೂಟರಿನಲ್ಲಿರಲಿಲ್ಲ, ದ್ರಾವಕದ ಸೀಸೆಯಲ್ಲಿತ್ತು. ಕ್ಲೋರೋಜೆನಿಕ್ ಹೆಸರೇ ಹೇಳುವಂತೆ ಆಮ್ಲ. ದ್ರಾವಕದ ಹುಳಿಯನ್ನು ತಗ್ಗಿಸಿದರೆ ಅದು ವಿದ್ಯುದಂಶ ಪಡೆದು ಕಾಲಮ್ಮಿನಿಂದ ಬೇಗ ಹೊರಬೀಳುತ್ತದೆ; ಕೆಫೀನ್ ಮಾತ್ರ ಅಲುಗುವುದಿಲ್ಲ. ಹಾಗೆ ಮಾಡಿದಾಗ ಎರಡು ಶಿಖರಗಳ ನಡುವೆ ಚಪ್ಪಟೆ ನೆಲ ಕಾಣಿಸಿತು. ಅಲ್ಲಿಂದ ಹಿನ್ನೆಲೆ ತೆಗೆದು ಕಳೆದಾಗ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಕೆಫೀನಿನ ಪ್ರಮಾಣ ಮೊದಲಿಗಿಂತ ಕಡಿಮೆ ಬಂತು.

ಅವಳು ವರದಿಯಲ್ಲಿ ಕಳೆಯುವ ಮೊದಲಿನ ರೋಹಿತ, ಕಳೆದ ನಂತರದ ರೋಹಿತ ಎರಡನ್ನೂ ಅಚ್ಚು ಹಾಕಿಸಿದಳು. ಕೆಳಗೆ, ಹಿನ್ನೆಲೆಯನ್ನು ಎಷ್ಟನೇ ನಿಮಿಷದಿಂದ ತೆಗೆದುಕೊಂಡದ್ದು ಎಂದು ತನ್ನ ಕೈಯಿಂದಲೇ ಬರೆದಿದ್ದಳು.