ನೆಲದ ಮೇಲಿನ ಹಾರಾಟ

ನೀರಿಗಿಳಿಯದೆ ಈಜು ಬಾರದು ಎಂದು ಹಿರಿಯರು ಹೇಳುತ್ತಾರೆ. ಸೈಕಲ್ ಕಲಿಯುವ ಹುಡುಗನು ನಾಲ್ಕು ಬಾರಿ ಬಿದ್ದು, ಮೊಣಕಾಲು ತರಚಿಕೊಂಡು, ಐದನೆಯ ಬಾರಿಗೆ ಸಮತೋಲ ಸಾಧಿಸುತ್ತಾನೆ. ಆದರೆ ವಿಮಾನ ನಡೆಸುವುದನ್ನು ಹೀಗೆ ಕಲಿಯಲು ಸಾಧ್ಯವೇ? ಆಕಾಶದಿಂದ ಬಿದ್ದವನಿಗೆ ಎದ್ದು ಮತ್ತೆ ಕಲಿಯುವ ಅವಕಾಶವಿರುವುದಿಲ್ಲ. ತಪ್ಪು ಮಾಡದೆ ಕಲಿಕೆಯಿಲ್ಲ. ತಪ್ಪು ಮಾಡಿದರೆ ಉಳಿವಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಮನುಷ್ಯನು ಕಂಡುಕೊಂಡ ಉಪಾಯವೇ ನೆಲದ ಮೇಲಿದ್ದುಕೊಂಡೇ ಹಾರಾಟವನ್ನು ಅನುಕರಿಸುವ ಯಂತ್ರ. ಇದಕ್ಕೆ ಫ್ಲೈಟ್ ಸಿಮ್ಯುಲೇಟರ್ ಎಂದು ಹೆಸರು. ವಿಮಾನ ಸಂಸ್ಥೆಗಳು ಬಳಸುವ ದೊಡ್ಡ ಸಿಮ್ಯುಲೇಟರುಗಳಿಗೆ ಇಂದು ಹಲವು ಕೋಟಿ ರೂಪಾಯಿಗಳ ಬೆಲೆಯಿದೆ. ಆದರೆ ಇವುಗಳ ಪೂರ್ವಜನು ಹುಟ್ಟಿದ್ದು ವಾದ್ಯಗಳನ್ನು ತಯಾರಿಸುವ ಒಂದು ಕಾರ್ಖಾನೆಯ ನೆಲಮಾಳಿಗೆಯಲ್ಲಿ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನಿದ್ದನು. ಅವನು ಹುಟ್ಟಿದ್ದು 1904ರಲ್ಲಿ. ಅವನ ತಂದೆಯ ಕಾರ್ಖಾನೆಯಲ್ಲಿ ಪಿಯಾನೋಗಳೂ ಆರ್ಗನ್‌ಗಳೂ ತಯಾರಾಗುತ್ತಿದ್ದವು. ನಮ್ಮ ಹಾರ್ಮೋನಿಯಮ್ಮಿನಂತೆಯೇ ಆರ್ಗನ್ ಕೂಡ ತಿದಿಯ ಗಾಳಿಯಿಂದ ನುಡಿಯುವ ವಾದ್ಯ. 1920ರಲ್ಲಿ ಲಿಂಕ್ ಮೊದಲ ಬಾರಿಗೆ ವಿಮಾನ ನಡೆಸುವ ಪಾಠಕ್ಕೆ ಹೋದನು. ಶಿಕ್ಷಕನು ಅವನನ್ನು ಆಕಾಶದಲ್ಲಿ ಸುತ್ತಾಡಿಸಿದನೇ ಹೊರತು ಹಿಡಿಕೆಯನ್ನು ಮುಟ್ಟಲು ಬಿಡಲಿಲ್ಲ. ಹಣ ತೆತ್ತರೂ ವಿದ್ಯೆ ಕೈಗೆ ಹತ್ತಲಿಲ್ಲ. ಕಡಿಮೆ ವೆಚ್ಚದಲ್ಲಿ, ಅಪಾಯವಿಲ್ಲದೆ ಕಲಿಯುವ ದಾರಿಯೊಂದು ಇರಬೇಕೆಂದು ಅವನಿಗೆ ತೋರಿತು.

1927ರಿಂದ 1929ರವರೆಗೆ ಅವನು ಕಾರ್ಖಾನೆಯ ನೆಲಮಾಳಿಗೆಯಲ್ಲಿ ಈ ಕೆಲಸದಲ್ಲಿ ತೊಡಗಿದನು. ಮರದಿಂದ ಪುಟ್ಟ ವಿಮಾನದ ಒಡಲನ್ನು ಮಾಡಿ ಅದನ್ನು ಎಲ್ಲ ದಿಕ್ಕಿಗೂ ಬಾಗಬಲ್ಲ ಕೀಲಿನ ಮೇಲೆ ನಿಲ್ಲಿಸಿದನು. ಕೆಳಗೆ ಆರ್ಗನ್ನಿನ ತಿದಿಗಳನ್ನು ಜೋಡಿಸಿದನು. ವಿದ್ಯುತ್ ಪಂಪು ಗಾಳಿಯನ್ನು ಹೀರಿದಾಗ ತಿದಿ ಕುಗ್ಗುತ್ತಿತ್ತು; ಗಾಳಿಯನ್ನು ಒಳಬಿಟ್ಟಾಗ ಹಿಗ್ಗುತ್ತಿತ್ತು. ಒಳಗೆ ಕುಳಿತವನು ಹಿಡಿಕೆಯನ್ನು ಸರಿಸಿದೊಡನೆ ಕವಾಟಗಳು ತೆರೆದು ಮುಚ್ಚಿ, ಒಡಲು ಮುಂದಕ್ಕೋ ಹಿಂದಕ್ಕೋ ಪಕ್ಕಕ್ಕೋ ವಾಲುತ್ತಿತ್ತು. ಹೊಸದಾಗಿ ಯಾವುದನ್ನೂ ಕೊಳ್ಳುವ ಮುನ್ನ ಕೈಯಳವಿನಲ್ಲಿ ಏನಿದೆಯೆಂದು ನೋಡಿದ್ದೇ ಲಿಂಕನ ಜಾಣ್ಮೆ.

ಆರಂಭದಲ್ಲಿ ಇದನ್ನು ಜನರು ಆಟಿಕೆಯೆಂದೇ ಬಗೆದರು. ಮನರಂಜನೆಯ ಉದ್ಯಾನಗಳಲ್ಲಿ ಇದು ಕಾಸು ಹಾಕಿ ಕೂರುವ ಆಟವಾಯಿತು. ಇದರ ನಿಜವಾದ ಬೆಲೆ ತಿಳಿಯಲು ಒಂದು ದುರಂತವೇ ಬೇಕಾಯಿತು. 1934ರಲ್ಲಿ ಅಮೆರಿಕದ ಸೈನ್ಯವು ವಿಮಾನದ ಮೂಲಕ ಅಂಚೆ ಸಾಗಿಸುವ ಹೊಣೆಯನ್ನು ಹೊತ್ತಿತು. ಚಳಿಗಾಲದ ಮಂಜಿನಲ್ಲಿ, ಇರುಳಿನಲ್ಲಿ ಹಾರುವ ಅನುಭವವು ಆ ಚಾಲಕರಿಗೆ ಸಾಲದಾಗಿತ್ತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಮೋಡದೊಳಗೆ ಹೊಕ್ಕ ಚಾಲಕನಿಗೆ ದಿಗಂತ ಕಾಣುವುದಿಲ್ಲ. ಆಗ ದೇಹವೇ ಅವನಿಗೆ ಸುಳ್ಳು ಹೇಳುತ್ತದೆ. ನಮ್ಮ ಒಳಕಿವಿಯ ಅರ್ಧವೃತ್ತ ನಾಳಗಳಲ್ಲಿರುವ ದ್ರವವು ತಿರುಗುವಿಕೆಯನ್ನು ತಿಳಿಸುತ್ತದೆ. ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ತಿರುಗುತ್ತಲೇ ಇದ್ದರೆ ಆ ದ್ರವವೂ ನಾಳದೊಡನೆ ಸಮನಾಗಿ ಚಲಿಸತೊಡಗಿ, ತಿರುಗುತ್ತಿರುವ ಅರಿವೇ ಮರೆಯಾಗುತ್ತದೆ. ವಿಮಾನವು ವಾಲಿ ಸುತ್ತುತ್ತ ಕೆಳಗಿಳಿಯುತ್ತಿದ್ದರೂ ನೇರವಾಗಿ ಹೋಗುತ್ತಿರುವೆನೆಂದೇ ಚಾಲಕನು ನಂಬುತ್ತಾನೆ. ಇಲ್ಲಿ ಅವನನ್ನು ಕಾಯುವುದು ಮುಂದಿರುವ ಉಪಕರಣಗಳು ಮಾತ್ರ. ದೇಹದ ಮಾತನ್ನು ಬದಿಗಿಟ್ಟು ಮುಳ್ಳುಗಳ ಮಾತನ್ನು ನಂಬುವುದನ್ನು ಅಭ್ಯಾಸದಿಂದಲೇ ಕಲಿಯಬೇಕು. ಲಿಂಕನ ಯಂತ್ರದ ಮುಚ್ಚಳವನ್ನು ಹಾಕಿದರೆ ಒಳಗಿದ್ದವನಿಗೆ ಉಪಕರಣಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಅವನು ಎಷ್ಟು ಸಲ ದಾರಿ ತಪ್ಪಿದರೂ ಜೀವಕ್ಕೆ ಹಾನಿಯಿರಲಿಲ್ಲ. ಅದೇ ವರ್ಷ ಸೈನ್ಯವು ತಲಾ 3,500 ಡಾಲರ್ ಕೊಟ್ಟು ಇಂಥ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಲಕ್ಷಾಂತರ ಚಾಲಕರು ಇದರಲ್ಲಿ ತರಬೇತಿ ಪಡೆದರು.

ಲಿಂಕನು ನೆಲಮಾಳಿಗೆಯಲ್ಲಿ ಮಾಡಿದ ಸಾಹಸವನ್ನು ಇಂದು ಹಲವು ದೇಶಗಳಲ್ಲಿ ಹವ್ಯಾಸಿಗಳು ತಮ್ಮ ಮನೆಯ ಕೋಣೆಯಲ್ಲಿ ಮಾಡುತ್ತಿದ್ದಾರೆ. ಅವರ ಕೆಲಸವನ್ನು ಸುಲಭವಾಗಿಸಿದ್ದು ಗಣಕಯಂತ್ರ. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಹಾರಾಟದ ತಂತ್ರಾಂಶ ಹೊರಬಂದಿತು. ಫ್ಲೈಟ್‌ಗೇರ್ ಎಂಬ ತಂತ್ರಾಂಶವಂತೂ ಉಚಿತವಾಗಿಯೇ ದೊರೆಯುತ್ತದೆ. ಗಾಳಿಯ ಒತ್ತಡ, ವೇಗ, ಎತ್ತರಗಳ ಲೆಕ್ಕವನ್ನು ಗಣಕಯಂತ್ರವೇ ಮಾಡುತ್ತದೆ. ಮನುಷ್ಯನು ಕಟ್ಟಬೇಕಾದುದು ಚಾಲಕನು ಕೂರುವ ಕೋಣೆಯನ್ನು, ಎಂದರೆ ಕಾಕ್‌ಪಿಟ್ಟನ್ನು, ಮಾತ್ರ.

ಮೊದಲಿಗೆ ಹಿಡಿಕೆ. ಇದನ್ನು ಎಳೆದರೆ ವಿಮಾನದ ಮೂತಿ ಮೇಲೇಳಬೇಕು. ಪಕ್ಕಕ್ಕೆ ಸರಿಸಿದರೆ ರೆಕ್ಕೆ ವಾಲಬೇಕು. ಕೈಯ ಈ ಚಲನೆಯನ್ನು ಗಣಕಯಂತ್ರಕ್ಕೆ ತಿಳಿಸುವುದು ಪೊಟೆನ್ಷಿಯೋಮೀಟರ್ ಎಂಬ ಸಣ್ಣ ಭಾಗ. ಹಳೆಯ ರೇಡಿಯೋದ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯ ಹಿಂದೆ ಇರುವುದೂ ಇದೇ ಜಾತಿಯದು. ಇದಕ್ಕೆ ಮೂರು ತುದಿಗಳು. ಹೊರಗಿನ ಎರಡು ತುದಿಗಳ ನಡುವೆ 5 ವೋಲ್ಟ್ ಕೊಟ್ಟರೆ, ತಿರುಗಿಸಿದ ಪ್ರಮಾಣಕ್ಕೆ ತಕ್ಕಂತೆ ನಡುವಿನ ತುದಿಯಲ್ಲಿ 0ಯಿಂದ 5ರವರೆಗೆ ವೋಲ್ಟೇಜು ಬದಲಾಗುತ್ತದೆ. ಆರ್ಡುಯಿನೋದಂಥ ಅಗ್ಗದ ವಿದ್ಯುನ್ಮಾನ ಫಲಕವೊಂದು ಇದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದಿ ಗಣಕಯಂತ್ರಕ್ಕೆ ಕಳುಹಿಸುತ್ತದೆ.

ಕಾಲಿಗೆ ಎರಡು ಪೆಡಲುಗಳು ಬೇಕು. ಹಲಗೆಗಳಿಗೆ ಬಾಗಿಲಿನ ಬಿಜಾಗರಿಗಳನ್ನು ಹೊಡೆದರೆ ಪೆಡಲು ಸಿದ್ಧ. ಒಂದು ಮುಂದೆ ಹೋದಾಗ ಇನ್ನೊಂದು ಹಿಂದೆ ಬರುವಂತೆ ಅವುಗಳನ್ನು ಜೋಡಿಸಬೇಕು. ಕಾಲು ತೆಗೆದೊಡನೆ ಅವು ನಡುವಿಗೆ ಮರಳಲು ಸ್ಪ್ರಿಂಗನ್ನೋ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನೋ ಬಿಗಿಯಬಹುದು. ಎಂಜಿನ್ನಿನ ಶಕ್ತಿಯನ್ನು ನಿಯಂತ್ರಿಸುವ ಸನ್ನೆಗಾದರೋ ಸ್ಪ್ರಿಂಗ್ ಇರಬಾರದು. ಇಟ್ಟಲ್ಲೇ ಅದು ನಿಲ್ಲಬೇಕು. ಇಂಥ ಸೂಕ್ಷ್ಮಗಳಲ್ಲಿ ತಪ್ಪಿದರೆ ಕೈ ತಪ್ಪು ಪಾಠವನ್ನೇ ಕಲಿಯುತ್ತದೆ.

ಉಪಕರಣಗಳ ವಿಷಯದಲ್ಲಿ ಹವ್ಯಾಸಿಗಳು ಕಂಡುಕೊಂಡ ಉಪಾಯ ಬಹಳ ಸರಳವಾದುದು. ಚಿಕ್ಕ ವಿಮಾನದಲ್ಲಿ ವೇಗ, ವಾಲುವಿಕೆ, ಎತ್ತರ, ತಿರುವು, ದಿಕ್ಕು, ಏರಿಳಿತದ ದರ ಇವುಗಳನ್ನು ತೋರುವ ಆರು ಮುಖ್ಯ ಉಪಕರಣಗಳಿರುತ್ತವೆ. ಆರನ್ನೂ ಬೇರೆ ಬೇರೆಯಾಗಿ ಕೊಳ್ಳಬೇಕಾಗಿಲ್ಲ. ಪ್ಲೈವುಡ್ಡಿನಲ್ಲಿ ಆರು ದುಂಡನೆಯ ರಂಧ್ರಗಳನ್ನು ಕೊರೆದು, ಹಿಂದೆ ಹಳೆಯ ಗಣಕಯಂತ್ರದ ಪರದೆಯೊಂದನ್ನು ಇಟ್ಟರಾಯಿತು. ಪರದೆಯ ಮೇಲಿನ ಚಿತ್ರಗಳು ರಂಧ್ರಗಳ ಮೂಲಕ ನಿಜವಾದ ಉಪಕರಣಗಳಂತೆಯೇ ಕಾಣುತ್ತವೆ. ಕುರ್ಚಿಯು ಗುಜರಿ ಅಂಗಡಿಯ ಕಾರಿನದಾದರೂ ಸಾಕು. ಕೈಕಾಲುಗಳ ಅಳತೆಗೆ ಹೊಂದಿಕೊಂಡಿದ್ದರಾಯಿತು. ಬಣ್ಣ, ಅಲಂಕಾರಗಳಿಗೆ ಕೊನೆಯ ಸ್ಥಾನ. ಅವುಗಳಿಂದಲೇ ಆರಂಭಿಸಿದವರ ಹಣ ನಡುದಾರಿಯಲ್ಲೇ ಮುಗಿಯುವುದುಂಟು.

ಮನೆಯ ಸಿಮ್ಯುಲೇಟರು ಯಾರನ್ನೂ ವಿಮಾನ ಚಾಲಕನನ್ನಾಗಿ ಮಾಡಲಾರದು. ಆಕಾಶದ ಕುಲುಕಾಟವನ್ನಾಗಲಿ, ತಿರುವಿನಲ್ಲಿ ದೇಹದ ಮೇಲೆ ಬೀಳುವ ಭಾರವನ್ನಾಗಲಿ ಅದು ಕೊಡಲಾರದು. ಅದಕ್ಕೆ ಗುರುವಿನ ಜೊತೆ ನಿಜವಾದ ಹಾರಾಟವೇ ಆಗಬೇಕು. ಆದರೂ ಮುಳ್ಳುಗಳನ್ನು ಓದುವ ಕಣ್ಣನ್ನೂ, ಗಾಬರಿಗೊಳ್ಳದೆ ಒಂದಾದ ಮೇಲೊಂದು ಕೆಲಸವನ್ನು ಕ್ರಮವಾಗಿ ಮಾಡುವ ಮನಸ್ಸನ್ನೂ ಅದು ಬೆಳೆಸಬಲ್ಲದು. 1934ರ ಮಂಜಿನಲ್ಲಿ ಮಡಿದ ಆ ತರುಣರಿಗೆ ಧೈರ್ಯದ ಕೊರತೆಯಿರಲಿಲ್ಲ. ನೆಲದ ಮೇಲೆ ನೂರು ಸಲ ತಪ್ಪಿ ತಿದ್ದಿಕೊಳ್ಳುವ ಅವಕಾಶವು ಅವರಿಗೆ ಸಿಕ್ಕಿರಲಿಲ್ಲ. ಆ ಅವಕಾಶವನ್ನು ಮುಂದಿನವರಿಗೆ ಒದಗಿಸಿದ್ದು ಒಂದಿಷ್ಟು ಮರ, ಕೆಲವು ತಿದಿಗಳು ಮತ್ತು ಅವುಗಳಿಂದ ಏನು ಮಾಡಬಹುದೆಂದು ಯೋಚಿಸಿದ ಒಬ್ಬ ತರುಣನ ಬುದ್ಧಿ.